ಸೊನ್ನೆ ಎಂಟು ಸೊನ್ನೆ

ಮೊನ್ನೆ ಬೆಳಿಗ್ಗೆ ಮೊಮ್ಮಗಳ ಶಾಲೆಯಿಂದ ಫೋನ್ ಬಂತು. ಟೈಪ್ 1 ಶುಗರ್, ಅಂದರೆ ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕಾದ ಸಕ್ಕರೆ ಕಾಯಿಲೆ, ಇರುವ ಮಗುವಿನ ಮನೆಗೆ ಸ್ಕೂಲಿನಿಂದ ಫೋನ್ ಬಂದರೆ ಎದೆ ಧಸಕ್ ಅನ್ನುತ್ತದೆ. ಮಿಸ್ ಕೇಳಿದ್ದು ಇಷ್ಟೇ: “ಸರ್, ಪುಸ್ತಕದಲ್ಲಿ ಇವತ್ತಿನ ಶುಗರ್ ರೀಡಿಂಗ್ 080 ಅಂತಿದೆ. ಎಂಬತ್ತು ತಾನೇ? ಪಿ.ಟಿ. ಇತ್ತು, ಅದಕ್ಕೆ ಎರಡು ಬಿಸ್ಕತ್ತು ತಿನ್ನಿಸಿದೆ.”

080 ಬೆಂಗಳೂರಿನ ಎಸ್‌ಟಿಡಿ ಕೋಡು. ನಾವಿರೋದು ಮೈಸೂರು, ನಮ್ಮದು 0821.

ಬರೆದವಳು ನನ್ನ ಹೆಂಡತಿ. ಬರೆದದ್ದು ೧೪೦. ಕನ್ನಡದ ಒಂದನ್ನು ಅವಸರದಲ್ಲಿ ಬರೆದರೆ ಕೆಳಗಿನ ಬಾಯಿ ಮುಚ್ಚಿಕೊಂಡು ಸೊನ್ನೆಯಾಗುತ್ತದೆ. ನಾಲ್ಕರ ತಲೆ ಕೂಡಿಕೊಂಡರೆ ಇಂಗ್ಲಿಷಿನ ಎಂಟು. ಮಿಸ್‌ದು ತಪ್ಪಿಲ್ಲ. ಕನ್ನಡ ಅಂಕಿ ನಮಗೆಲ್ಲ ನೆನಪಾಗುವುದು ನವೆಂಬರ್‌ನಲ್ಲಿ ಮಾತ್ರ ಅಲ್ವಾ. ನಮ್ಮ ಪುಟ್ಟಿ “ಅದು ನೂರಾ ನಲವತ್ತು ಮಿಸ್” ಅಂದಳಂತೆ. ಬಿಸ್ಕತ್ತು ಕಂಡ ಮೇಲೆ ಜಾಸ್ತಿ ವಾದ ಮಾಡಲಿಲ್ಲವಂತೆ.

ಒಂದು ಅಂಕಿ ಏನೆಲ್ಲ ಮಾಡಬಹುದು ಅಂತ ನನಗೆ ಗೊತ್ತು. ನಾನು ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. 1984ರಲ್ಲಿ, ಕಂಪ್ಯೂಟರ್ ಇನ್ನೂ ಬಾರದ ಒಂದು ತಾಲೂಕಿನ ಶಾಖೆಯಲ್ಲಿ, ಒಂದು ಸಂಜೆ ಲೆಕ್ಕ ಟ್ಯಾಲಿ ಆಗಲಿಲ್ಲ. ವ್ಯತ್ಯಾಸ 63 ರೂಪಾಯಿ. ಕ್ಯಾಷಿಯರು “ನಾನೇ ಜೇಬಿನಿಂದ ಹಾಕ್ತೀನಿ, ಮನೆಗೆ ಹೋಗೋಣ” ಅಂದ. ಮ್ಯಾನೇಜರ್ ಅವನನ್ನು ನೋಡಿದ ನೋಟ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಆಗ ನಮ್ಮ ಹೆಡ್ ಕ್ಲಾರ್ಕು ಮೂಗಿಗೆ ನಶ್ಯ ಏರಿಸಿ, “63, ಒಂಬತ್ತರಿಂದ ಭಾಗ ಹೋಗುತ್ತೆ. ಯಾವನೋ ಅಂಕಿ ತಿರುಗುಮುರುಗು ಮಾಡಿದ್ದಾನೆ” ಅಂದರು. ಅದು ಹಳೇ ಗುಮಾಸ್ತರಿಗೆಲ್ಲ ಗೊತ್ತಿದ್ದ ಗುಟ್ಟು. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಗ್ಗಿಯಲ್ಲೇ ಬೀಳುತ್ತದೆ. ಸರಿ, ಹುಡುಕಿದೆವು. ಲಾಸ್ಟ್ ಬಸ್ಸು ಹೋಯಿತು. ಕರೆಂಟು ಹೋಯಿತು. ಜವಾನ ಎಲ್ಲಿಂದಲೋ ಮಂಡಕ್ಕಿ ತಂದ. ಮೇಣದ ಬತ್ತಿ ಹಿಡಿದು ಒಬ್ಬ ಓದುವುದು, ಇನ್ನೊಬ್ಬ ಟಿಕ್ ಹಾಕುವುದು. ರಾತ್ರಿ ಹನ್ನೊಂದಕ್ಕೆ ಸಿಕ್ಕಿತು: 418 ಇರಬೇಕಾದ ಕಡೆ 481. ಯಾರ ಅಕ್ಷರ ಅಂತ ಮಾತ್ರ ಕೇಳಬೇಡಿ. ಹೆಡ್ ಕ್ಲಾರ್ಕು ಕೇಳಲಿಲ್ಲ, ನೀವೂ ಕೇಳಬಾರದು.

ಎಲ್ಲಿದ್ದೆ? ಹಾಂ, ಪುಟ್ಟಿಯ ಪುಸ್ತಕ.

ಅದಕ್ಕೆ ಗೆರೆ ಎಳೆದುಕೊಟ್ಟವನು ನಾನೇ. ಹೊತ್ತು, ರೀಡಿಂಗ್, ಊಟಕ್ಕೆ ಮುಂಚೆಯೋ ಆಮೇಲೋ, ಇನ್ಸುಲಿನ್ ಎಷ್ಟು ಯೂನಿಟ್, ಷರಾ. “ಎಲ್ಲ ಮೀಟರಿನ ಮೆಮೊರಿಯಲ್ಲೇ ಇರುತ್ತಲ್ಲ ತಾತ” ಅನ್ನುತ್ತಾಳೆ. ಇರುತ್ತೆ. ಆದರೆ ಅರ್ಧ ಇಡ್ಲಿ ತಟ್ಟೆಯಲ್ಲೇ ಉಳಿಯಿತು ಅಂತ ಮೀಟರಿಗೆ ಯಾರು ಹೇಳಬೇಕು? ಬ್ಯಾಟರಿ ಬದಲಿಸಿದ ಮೇಲೆ ಗಡಿಯಾರ ತಪ್ಪಿ ನಮ್ಮ ಮೀಟರಿನಲ್ಲಿ ಬೆಳಗಿನ ತಿಂಡಿಯೆಲ್ಲ ನಡುರಾತ್ರಿಯೇ ನಡೆಯುತ್ತಿದೆ. 180 ಅಂತ ಒಂದೇ ಅಂಕಿ ಕಂಡರೆ ಏನು ಅರ್ಥ ಮಾಡಿಕೊಳ್ಳೋದು? ಊಟವಾಗಿ ಎರಡು ಗಂಟೆಗೆ ಬಂದಿದ್ದರೆ ಪರವಾಗಿಲ್ಲ. ಬರೀ ಹೊಟ್ಟೆಯಲ್ಲಿ ಬಂದಿದ್ದರೆ ಅದೇ 180 ಬೇರೆ ಕತೆ. ಹೊತ್ತು ಬರೆಯದ ರೀಡಿಂಗ್ ತಾರೀಕಿಲ್ಲದ ಚೆಕ್ ಇದ್ದ ಹಾಗೆ.

ಹೋದ ತಿಂಗಳು ಇನ್ನೊಂದು ಕಂಡಿತು. ಹತ್ತು ದಿನದ ಸಂಜೆಯ ರೀಡಿಂಗ್: 110, 120, 115, 125, ಮತ್ತೆ 110. ಎಲ್ಲದರ ಕೊನೆಗೂ ಸೊನ್ನೆ, ಇಲ್ಲವೇ ಐದು. ಒಂದೇ ಪೆನ್ನು, ಒಂದೇ ವಾಲು. ಇಂಥ ಪುಟ ಕಂಡರೆ ಇನ್‌ಸ್ಪೆಕ್ಷನ್‌ನವರು ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ನಾನೂ ಕೂತೆ.

“240 ಅಂತ ಬರೆದ್ರೆ ನೀವೆಲ್ಲ ಸೇರಿ ಏನು ತಿಂದೆ, ಏನು ತಿಂದೆ ಅಂತೀರಲ್ಲ” ಅಂದಳು.

ಏಳನೇ ಕ್ಲಾಸಿನ ಹುಡುಗಿ. ನನಗೆ ಉತ್ತರ ಬರಲಿಲ್ಲ. ಮನೆಗೆ ಬಂದವರೆಲ್ಲ “ಪಾಪ, ಸಿಹಿ ಜಾಸ್ತಿ ತಿಂತಿದ್ಲಾ?” ಅಂತ ಅವಳ ಎದುರಿಗೇ ಕೇಳುತ್ತಾರೆ. ಈ ಕಾಯಿಲೆ ಸಿಹಿ ತಿಂದು ಬರುವುದಲ್ಲ ಅಂತ ನೂರು ಸಲ ಹೇಳಿದ್ದೇನೆ. ಹಾಗಲಕಾಯಿ ಜ್ಯೂಸ್ ಕೊಡಿ, ಇಂಜೆಕ್ಷನ್ ಬಿಡಿಸಿ ಅಂದ ಒಬ್ಬರಿಗೆ ಕಾಫಿ ಕೂಡ ಕೊಡದೆ ಕಳಿಸಿದೆ. ಅದರ ಬಗ್ಗೆ ನನಗೆ ಬೇಜಾರಿಲ್ಲ. ಆದರೆ “ಏನು ತಿಂದೆ” ಅಂತ ನಾನೂ ಕೇಳಿದ್ದೆ.

ಈಗ ಎಷ್ಟೇ ಬರಲಿ, ಯಾರೂ ತುಟಿ ಬಿಚ್ಚುವ ಹಾಗಿಲ್ಲ. ಅಂಕಿಗಳು 137, 212, 94 ಅಂತ ಅಡ್ಡಾದಿಡ್ಡಿ ಬರುತ್ತಿವೆ. ಡಾಕ್ಟರು ನೋಡಿ ಸಂಜೆಯ ಡೋಸ್ ಬದಲಿಸಿದರು. 080 ಪ್ರಸಂಗ ಆದ ಮೇಲೆ ಹೆಂಡತಿಗೆ, “ಇಂಗ್ಲಿಷಿನಲ್ಲೇ ಬರಿ ಮಾರಾಯ್ತಿ” ಅಂದೆ.

“ನಾನ್ಯಾಕ್ರೀ ಬಿಡ್ಲಿ? ಎರಡರಲ್ಲೂ ಬರೀತೀನಿ” ಅಂದಳು. ಡಬಲ್ ಎಂಟ್ರಿ!

ಇವತ್ತು ಬೆಳಿಗ್ಗೆ ಪುಸ್ತಕ ತೆಗೆದೆ. ಒಂದು ಕಡೆ 146. ಪಕ್ಕದಲ್ಲಿ ೧೬೪.

ವ್ಯತ್ಯಾಸ 18. ಮೀಟರ್ ಎಲ್ಲಿಟ್ಟಿದ್ದಾರೋ ಹುಡುಕುತ್ತಿದ್ದೇನೆ.