ಕಟೌಟಿಗೆ ಹಾಲು, ರೀಲಿಗೆ ಹುಳಿ

ಮೈಸೂರಿಗೆ ಫಿಲ್ಮ್ ಸಿಟಿ ಬರುತ್ತದಂತೆ. ಪಾಪ, ಅದಕ್ಕೂ ಅಲೆದಲೆದು ಸಾಕಾಗಿದೆ. ಮೊದಲು ನಂಜನಗೂಡು ತಾಲ್ಲೂಕಿನ ಹಿಮ್ಮಾವು ಅಂದರು. ಸರ್ಕಾರ ಬದಲಾಯಿತು, ರಾಮನಗರ ಅಂದರು. ಮತ್ತೆ ಬದಲಾಯಿತು, ಬೆಂಗಳೂರಿನ ರೋರಿಕ್ ಎಸ್ಟೇಟ್ ಅಂದರು. ಈಗ ಪುನಃ ನಮ್ಮ ಕಡೆಗೇ ಮುಖ ಮಾಡಿದೆ. ಒಂದು ಶಾಟೂ ತೆಗೆಯದೆ ಇಷ್ಟು ಲೊಕೇಶನ್ ಬದಲಾಯಿಸಿದ ನಿರ್ಮಾಪಕ ಗಾಂಧಿನಗರದಲ್ಲೂ ಸಿಕ್ಕಲಾರ.

2025–26ರ ಬಜೆಟ್ಟಿನಲ್ಲಿ ಇದಕ್ಕೆ 150 ಎಕರೆ, ಖಾಸಗಿಯವರನ್ನು ಜೊತೆಗೆ ಸೇರಿಸಿಕೊಂಡು 500 ಕೋಟಿ ಎಂದಿದ್ದಾರೆ. ಅದೇ ಬಜೆಟ್ಟಿನಲ್ಲಿ ಯಾರ ಕಣ್ಣಿಗೂ ಬೀಳದ ಇನ್ನೊಂದು ಸಾಲೂ ಇದೆ: ಕನ್ನಡದ ಮಹತ್ವದ ಚಿತ್ರಗಳನ್ನು ಕೂಡಿಡುವ ಭಂಡಾರಕ್ಕೆ 3 ಕೋಟಿ. ಮುಂದೆ ತೆಗೆಯಬಹುದಾದ ಚಿತ್ರಗಳಿಗೆ 500, ತೊಂಬತ್ತು ವರ್ಷದಿಂದ ತೆಗೆದಿಟ್ಟಿರುವ ಚಿತ್ರಗಳಿಗೆ 3. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದು ನಮಗೆ ಹೊಸದಲ್ಲ. ಅಜ್ಜಿಯ ಕಂಬಳಿ ಕಿತ್ತು ಹೊಲಿಸುವುದು ಮಾತ್ರ ಹೊಸದು.

ಊರಿನಲ್ಲಿ ಸ್ಟುಡಿಯೋ ಇರಲಿಲ್ಲವೇ? ನವಜ್ಯೋತಿ ಇತ್ತು. ಹುಣಸೂರು ರಸ್ತೆಯಲ್ಲಿ ಪ್ರೀಮಿಯರ್ ಇತ್ತು. 1989ರ ಫೆಬ್ರುವರಿಯಲ್ಲಿ ಟಿಪ್ಪು ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದು 62 ಜನ ಸತ್ತರು. ಅದರ ಬಗ್ಗೆ ತಮಾಷೆ ಮಾಡುವ ಧೈರ್ಯ ನನಗಿಲ್ಲ, ಮುಂದೆ ಹೋಗೋಣ.

ಕಪ್ಪುಬಿಳುಪಿನ ಹುಚ್ಚಿರುವ ನನ್ನಂಥವನು ಮಂಡ್ಯಕ್ಕೆ ಹೋದರೆ ಬಾಯಿ ಮುಚ್ಚಿಕೊಂಡಿರಬೇಕು. ಇರಲಿಲ್ಲ. ಸಂಜಯ ಸರ್ಕಲ್ ಹತ್ತಿರ ಟೀ ಕುಡಿಯುತ್ತಿದ್ದ ಅಭಿಮಾನಿ ಸಂಘದ ಅಧ್ಯಕ್ಷರನ್ನು ಮಾತಿಗೆಳೆದೆ. ಅಣ್ಣಾವ್ರ ಜಯಂತಿಗೆ ಕ್ಯಾನ್‌ಗಟ್ಟಲೆ ಹಾಲು ಸುರಿಸುವವರು ಅವರು.

“ನಾಂದಿ ನೋಡಿದ್ದೀರಾ ಅಣ್ಣ? 1964ರದು. ಎನ್. ಲಕ್ಷ್ಮೀನಾರಾಯಣ್ ಮಾಡಿದ್ದು.”

“ಅಣ್ಣಾವ್ರುದಾ? ಏನ್ ಪಾಲ್ಟು ಸಾ?”

“ಮೇಷ್ಟ್ರು. ಕಿವಿ ಕೇಳದ, ಮಾತು ಬಾರದ ಹುಡುಗಿಯನ್ನ ಮದುವೆ ಆಗ್ತಾರೆ.”

“ಫೈಟ್ ಎಷ್ಟವೆ?”

“ನನಗೆ ಒಂದೂ ನೆನಪಿಲ್ಲ.”

ಅವರು ಗ್ಲಾಸ್ ಕೆಳಗಿಟ್ಟು ನಿಜವಾದ ಕಳವಳದಿಂದ ಕೇಳಿದರು: “ಹಂಗಾರೆ ಹಾಲ್ನ ಯಾವ್ ಸೀನ್‌ಗ್ ಹುಯ್ಯದು ಸಾ?”

ಪ್ರಶ್ನೆ ನ್ಯಾಯವಾದದ್ದೇ. ಬಂದ ಕೂಡಲೇ ನಾಲ್ಕು ಜನರನ್ನು ಗಾಳಿಗೆ ಹಾರಿಸದ ನಾಯಕನಿಗೆ ಅಭಿಷೇಕದ ಮುಹೂರ್ತ ಇಡುವುದಾದರೂ ಹೇಗೆ? ‘ಉಯ್ಯಾಲೆ’ಯಲ್ಲಂತೂ ಅಣ್ಣಾವ್ರು ಪುಸ್ತಕದಲ್ಲೇ ಮುಳುಗಿ ಹೆಂಡತಿಯನ್ನೇ ಮರೆತ ಪ್ರೊಫೆಸರು. ನಮ್ಮ ಚದುರಂಗರ ಕಾದಂಬರಿ ಅದು. ಅಷ್ಟು ದೊಡ್ಡ ನಟ, ಪ್ರೇಕ್ಷಕನಿಗೆ ಸಿಟ್ಟು ಬರುವಂಥ ಗಂಡನಾಗಿ ಕೂತಿರುತ್ತಾರೆ. ಕಲ್ಪನಾ ಸುಮ್ಮನೆ ಕಿಟಕಿಯ ಹತ್ತಿರ ನಿಂತರೂ ಮನೆ ಖಾಲಿ ಅನ್ನಿಸುತ್ತದೆ. ಇವತ್ತು ಯಾವ ನಾಯಕನಾದರೂ ಇಂಥ ಪಾತ್ರ ಒಪ್ಪಿದರೆ ಮೊದಲು ಮುತ್ತಿಗೆ ಹಾಕುವುದು ಅವನ ಸಂಘದವರೇ.

ಇನ್ನು ರೀಲಿನ ಪಾಡು. ಹಳೆಯ ಅಸಿಟೇಟ್ ಫಿಲ್ಮನ್ನು ಸೆಕೆ, ತೇವ ಇರುವ ಕೋಣೆಯಲ್ಲಿ ಮುಚ್ಚಿಟ್ಟರೆ ಅದು ಒಳಗೊಳಗೇ ಕೊಳೆತು ವಿನೆಗರಿನ ವಾಸನೆ ಹೊಡೆಯುತ್ತದೆ, ಸುರುಟಿಕೊಳ್ಳುತ್ತದೆ, ಪಕ್ಕದ ಡಬ್ಬಿಗೂ ಅಂಟಿಸುತ್ತದೆ. ಶುರುವಾದ ಮೇಲೆ ವಾಸಿಯಾಗುವ ಕಾಯಿಲೆಯಲ್ಲ. ತಂಪಾದ, ತೇವವಿಲ್ಲದ ಜಾಗದಲ್ಲಿಟ್ಟು ನಿಧಾನಿಸಬಹುದು, ಅಷ್ಟೆ. ನಾಯಕನ ಕಟೌಟಿಗೆ ಹಾಲು, ಅವನ ಚಿತ್ರಕ್ಕೆ ಹುಳಿ. ಹಾಲಿಗೆ ಹುಳಿ ಹಿಂಡುವವರನ್ನು ನೋಡಿದ್ದೇವೆ. ಎರಡನ್ನೂ ಬೇರೆ ಬೇರೆ ಪಾತ್ರೆಯಲ್ಲಿಟ್ಟು ಇಷ್ಟು ಅಚ್ಚುಕಟ್ಟಾಗಿ ಸಂಸಾರ ನಡೆಸಿದವರು ನಾವೇ.

ಕೊಳೆಯದೆ ಉಳಿದದ್ದಕ್ಕೆ ಬೇರೆ ಗತಿ. ಕಪ್ಪುಬಿಳುಪು ಫಿಲ್ಮಿನಲ್ಲಿ ಬೆಳ್ಳಿ ಇರುತ್ತದೆ. ಓಡಿ ಮುಗಿದ ಪ್ರಿಂಟುಗಳನ್ನು ಬೆಳ್ಳಿಗಾಗಿ ಮಾರುವ ವ್ಯಾಪಾರವೇ ಇತ್ತು. 1934ರಲ್ಲಿ ಬಂದ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಇವತ್ತು ನೋಡಲು ಸಿಗುವುದಿಲ್ಲ. ಸುಲೋಚನೆ ಈಗ ಯಾರ ಕಾಲಿನ ಕಾಲುಂಗುರವಾಗಿದ್ದಾಳೋ. ಆಗಿದ್ದರೂ ಸತಿಗೆ ತಕ್ಕ ಜಾಗವೇ ಬಿಡಿ.

ಉಳಿದವಕ್ಕೆ ಬಣ್ಣ ಹಚ್ಚುತ್ತೇವೆ. ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿ ಹಚ್ಚಿದೆವು, ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ. ರಾಜ್ಯ ಕಳೆದುಕೊಂಡು ಸ್ಮಶಾನ ಕಾಯಲು ಹೋದವನಿಗೂ ಬಣ್ಣದ ಬಟ್ಟೆಯಿಲ್ಲದೆ ಥಿಯೇಟರ್ ಒಳಗೆ ಪ್ರವೇಶವಿಲ್ಲ. ಥಿಯೇಟರ್ ತಾನೇ ಎಲ್ಲಿದೆ ಅನ್ನುತ್ತೀರಾ? ನಮ್ಮ ಶಾಂತಲಾ 2020ರಲ್ಲೇ ಬಾಗಿಲು ಹಾಕಿತು.

“ಎಲ್ಲಾ ಯೂಟ್ಯೂಬಲ್ಲೈತಲ್ಲ ಸಾ” ಎಂದು ಅಧ್ಯಕ್ಷರು ಸಮಾಧಾನ ಹೇಳಿದರು. ಇದೆ ಕಣಪ್ಪ. ಕ್ಯಾಸೆಟ್ಟಿನಿಂದ ಸಿಡಿಗೆ, ಸಿಡಿಯಿಂದ ಅಲ್ಲಿಗೆ ಇಳಿಸಿ ಇಳಿಸಿ, ಮೂಲೆಮೂಲೆಗೂ ಒಂದೊಂದು ಕಂಪನಿಯ ಮುದ್ರೆ. ನಾಯಕಿ ಅಳುವುದಕ್ಕೆ ಬಾಯಿ ತೆರೆದಳು ಅನ್ನುವಾಗ ಟಾಯ್ಲೆಟ್ ಕ್ಲೀನರ್ ಜಾಹೀರಾತು.

ಆ 150 ಎಕರೆಯಲ್ಲಿ ಒಂದೇ ಒಂದು ಎಸಿ ಕೋಣೆ ಕೊಡಿ, ರೀಲುಗಳನ್ನಿಡೋಣ ಎಂದು ಅರ್ಜಿ ಬರೆಯೋಣ ಅಂದೆ. ಅಧ್ಯಕ್ಷರು ಒಪ್ಪಿದರು, ಸಂಘದ ಸೀಲು ಹಾಕಿಕೊಡುವುದಾಗಿಯೂ ಹೇಳಿದರು. ಷರತ್ತು ಎರಡೇ: ಕೋಣೆಯ ಮುಂದೆ ನಲವತ್ತು ಅಡಿಯ ಪುತ್ಥಳಿ ಇರಬೇಕು, ಉದ್ಘಾಟನೆಯ ದಿನ ಆ ಎಸಿ ಕೋಣೆಯನ್ನು ಮಂತ್ರಿಗಳ ವಿಶ್ರಾಂತಿಗೆ ಬಿಡಬೇಕು. ಅಷ್ಟು ಹೊತ್ತು ರೀಲುಗಳು ಹೊರಗೆ ಶಾಮಿಯಾನದ ಕೆಳಗೆ, ಹಾಲಿನ ಕ್ಯಾನ್‌ಗಳ ಪಕ್ಕದಲ್ಲಿ ಇರುತ್ತವಂತೆ.