ಸ್ಪಷ್ಟನೆ: ಜಿಂಕೆಯನ್ನು ಬೆದರಿಸುವುದು ಕಿತ್ತಳೆ ಬಣ್ಣವಲ್ಲ

‘ಕಿತ್ತಳೆ ಜಾಕೆಟ್ ತೊಟ್ಟರೆ ಜಿಂಕೆ ಓಡುತ್ತದೆ, ಕಡುಹಸಿರು ಕ್ಯಾಮೊ (ಸುತ್ತಲಿನ ನೆಲದಲ್ಲಿ ಮರೆಯಾಗಿಸುವ ಚಿತ್ತಾರದ ಬಟ್ಟೆ) ಎಲ್ಲ ನೆಲಕ್ಕೂ ಸಾಕು’ ಎಂಬ ಮಾತು ಅಮೆರಿಕದ ಬೇಟೆಗಾರರಲ್ಲಿ ಹರಿದಾಡುತ್ತಿದೆ. ಎರಡೂ ತಪ್ಪು.

ಜಿಂಕೆಯ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆ. ಕಿತ್ತಳೆ ಅದಕ್ಕೆ ಮಂಕಾಗಿಯೇ ಕಾಣುತ್ತದೆ. ನೀಲಿ ಮಾತ್ರ ಎದ್ದು ಕಾಣುತ್ತದೆ. ಹಾಗಾಗಿ ಬಟ್ಟೆಗೆ ಹೊಳಪು ಕೊಡುವ ಡಿಟರ್ಜೆಂಟ್‌ನಲ್ಲಿ ಒಗೆದರೆ, ಮುಸ್ಸಂಜೆಯಲ್ಲಿ ಎಷ್ಟು ದುಬಾರಿ ಕ್ಯಾಮೊ ಆದರೂ ನೀಲಿಯಾಗಿ ಹೊಳೆದೀತು!

ಇನ್ನು ಕ್ಯಾಮೊ ನೆಲಕ್ಕೆ ತಕ್ಕಂತಿರಬೇಕು: ಎಲೆ ಉದುರಿದ ಕಾಡಿಗೆ ಬೂದು-ಕಂದು, ಬಯಲಿಗೆ ತಿಳಿ ಹುಲ್ಲಿನ ಬಣ್ಣ. ಬಟ್ಟೆಯ ಮೇಲಿನ ಸಣ್ಣ ಸಣ್ಣ ಎಲೆ ಚಿತ್ರಗಳು ದೂರಕ್ಕೆ ಕಲೆತು ಒಂದೇ ಕಪ್ಪು ಮುದ್ದೆಯಾಗುತ್ತವೆ. ದೊಡ್ಡ ಪಟ್ಟೆಗಳೇ ಮೈಯ ಆಕಾರವನ್ನು ಒಡೆಯುತ್ತವೆ.

ಅಲ್ಲದೆ, ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಬಂದೂಕಿನ ಜಿಂಕೆ ಬೇಟೆಗೆ ಸೊಂಟದ ಮೇಲೆ 500 ಚದರ ಇಂಚು ಹೊಳೆವ ಕಿತ್ತಳೆ ಅಥವಾ ಗುಲಾಬಿ ಕಡ್ಡಾಯ, ತಲೆಗೂ ಬೇಕು. ಕಿತ್ತಳೆ ಕ್ಯಾಮೊ ಲೆಕ್ಕಕ್ಕಿಲ್ಲ.