ಕೂಲಿಯ ಪ್ರಶ್ನೆ ಕೊಡಗಿನ ಪ್ರಚಾರ ಸಭೆಗೂ ಬರಲಿ

ಕೊಡಗಿನಲ್ಲಿ ಚುನಾವಣೆ ಬಂದಾಗಲೆಲ್ಲ ವೇದಿಕೆಯ ಮೇಲೆ ಕೇಳಿಬರುವ ವಿಷಯಗಳು ಹೆಚ್ಚುಕಡಿಮೆ ಅವೇ. ಕಾಡಾನೆ ಹಾವಳಿ, ಜಮ್ಮಾ ಬಾಣೆ ಎಂಬ ಇಲ್ಲಿನ ಹಳೆಯ ಹಿಡುವಳಿ ಜಮೀನಿನ ಹಕ್ಕು, ಮಳೆಗಾಲದಲ್ಲಿ ಕುಸಿಯುವ ರಸ್ತೆ, ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ, ಕಾಫಿ ಬೆಳೆಗಾರರ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್, ಒತ್ತುವರಿ ಜಮೀನನ್ನು ಗುತ್ತಿಗೆಗೆ ಕೊಡುವ ವಿಚಾರ. ಇವುಗಳಲ್ಲಿ ಯಾವುದನ್ನೂ ನಾನು ಹಗುರವಾಗಿ ಕಾಣುವುದಿಲ್ಲ. ಸಣ್ಣ ಬೆಳೆಗಾರನಾಗಿ ಇವುಗಳಲ್ಲಿ ಬಹುಪಾಲು ನನ್ನ ಬೇಡಿಕೆಗಳೂ ಹೌದು. ಆದರೆ ಈ ಜಿಲ್ಲೆಯ ಕಾಫಿಯನ್ನು ಗಿಡದಿಂದ ಕಣಕ್ಕೆ ತಲುಪಿಸುವವರ ದಿನಗೂಲಿ ಎಷ್ಟಿರಬೇಕು, ಅದು ಅವರ ಕೈಗೆ ಪೂರ್ತಿಯಾಗಿ ಸೇರುವಂತೆ ನೋಡಿಕೊಳ್ಳುವವರು ಯಾರು ಎಂಬುದನ್ನು ಯಾವ ಪಕ್ಷದ ಅಭ್ಯರ್ಥಿಯ ಬಾಯಲ್ಲೂ ನಾನು ಇದುವರೆಗೆ ಕೇಳಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬೆಳೆಯುವ ಜಿಲ್ಲೆಯಲ್ಲಿ ಕನಿಷ್ಠ ಕೂಲಿ ಚುನಾವಣೆಯ ವಿಷಯವೇ ಆಗದೆ ಉಳಿದಿರುವುದು ಸರಿಯಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಬೇರೆ ಕಡೆ ಇದು ದೊಡ್ಡ ವಿಷಯವಾಗಿದೆ. ಅಸ್ಸಾಮಿನ ಚಹಾ ತೋಟಗಳ ಕೂಲಿಯನ್ನೇ ನೋಡೋಣ. 2016ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿ ದಿನಕ್ಕೆ 351 ರೂಪಾಯಿಯ ಭರವಸೆ ಕೊಟ್ಟಿತ್ತು. 2021ರಲ್ಲಿ ಕಾಂಗ್ರೆಸ್ ಅದನ್ನು 365ಕ್ಕೆ ಏರಿಸಿ ತನ್ನ ಗ್ಯಾರಂಟಿಗಳಲ್ಲಿ ಒಂದಾಗಿ ಊರೂರಿಗೆ ಒಯ್ದಿತು. ಅದೇ ಚುನಾವಣೆಯ ಹೊಸ್ತಿಲಲ್ಲಿ ಅಲ್ಲಿನ ಸರ್ಕಾರ 167 ರೂಪಾಯಿ ಇದ್ದ ಕೂಲಿಗೆ 50 ರೂಪಾಯಿ ಸೇರಿಸಿ 217 ಎಂದು ಆದೇಶ ಹೊರಡಿಸಿದಾಗ ತೋಟದ ಕಂಪನಿಗಳು ನ್ಯಾಯಾಲಯಕ್ಕೆ ಹೋದವು. 2023ರ ಅಕ್ಟೋಬರ್‌ನಲ್ಲಿ ಬ್ರಹ್ಮಪುತ್ರ ಕಣಿವೆಯ ತೋಟಗಳಲ್ಲಿ ಕೂಲಿ ಮುಟ್ಟಿದ್ದು 250 ರೂಪಾಯಿ. ಅಂದರೆ 2016ರಲ್ಲಿ ಹೇಳಿದ ಮೊತ್ತಕ್ಕೆ ಏಳು ವರ್ಷಗಳ ಮೇಲೂ 101 ರೂಪಾಯಿ ಕಡಿಮೆ. ಇಂದು ಅಮ್ಮತ್ತಿ, ಸಿದ್ದಾಪುರ, ಪಾಲಿಬೆಟ್ಟ ಭಾಗದ ತೋಟಗಳ ಲೈನ್ ಮನೆಗಳಲ್ಲಿ (ಮಾಲೀಕರು ಕಾರ್ಮಿಕರಿಗೆ ಕೊಡುವ ಸಾಲುಮನೆಗಳಲ್ಲಿ) ಅಸ್ಸಾಮಿನ ಕುಟುಂಬಗಳು ಇಷ್ಟೊಂದು ಸಂಖ್ಯೆಯಲ್ಲಿ ಬಂದು ನೆಲೆಸಿರುವುದಕ್ಕೆ ಕಾರಣ ಹುಡುಕುವವರು ಈ ಮೊತ್ತಗಳನ್ನೂ ನೋಡಬೇಕು. 2024ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಪ್ರಣಾಳಿಕೆ ದೇಶಕ್ಕೆಲ್ಲ ದಿನಕ್ಕೆ 400 ರೂಪಾಯಿಯ ಕನಿಷ್ಠ ಕೂಲಿಯ ಮಾತಾಡಿತು. ನಮ್ಮ ಮೈಸೂರು–ಕೊಡಗು ಕ್ಷೇತ್ರದ ಪ್ರಚಾರದಲ್ಲಿ ಅದರ ಮೇಲೆ ಗಂಭೀರ ಚರ್ಚೆ ನಡೆದದ್ದು ನನ್ನ ನೆನಪಿನಲ್ಲಿಲ್ಲ.

ಅಸ್ಸಾಮಿನ ಉದಾಹರಣೆ ಕೊಟ್ಟದ್ದು ಭರವಸೆಗಳ ಬಗ್ಗೆ ನಿರಾಸೆ ಹುಟ್ಟಿಸಲಿಕ್ಕಲ್ಲ. ಒಂದು ಮೊತ್ತವನ್ನು ಘೋಷಿಸುವುದು ಸುಲಭ, ಅದನ್ನು ಕೂಲಿಕಾರರ ಕೈಗೆ ತಲುಪಿಸುವ ದಾರಿ ಕಷ್ಟದ್ದು. ನಾವು ಅಭ್ಯರ್ಥಿಗಳನ್ನು ಕೇಳಬೇಕಾದದ್ದು ಆ ದಾರಿಯ ಬಗ್ಗೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡಬೇಕು. 1948ರ ಕನಿಷ್ಠ ವೇತನ ಕಾಯ್ದೆಯ ಅನುಸೂಚಿಯಲ್ಲೇ ಕಾಫಿ, ಚಹಾ, ರಬ್ಬರ್ ತೋಟಗಳ ಹೆಸರಿತ್ತು. ಐದು ವರ್ಷ ಮೀರದಂತೆ ದರವನ್ನು ಪರಿಷ್ಕರಿಸಬೇಕು ಎಂದೂ ಅದರಲ್ಲಿತ್ತು. ಅದರ ಜಾಗಕ್ಕೆ ಬಂದಿರುವ 2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಕೇಂದ್ರವು ನಿಗದಿ ಮಾಡುವ ತಳಮಟ್ಟದ ವೇತನಕ್ಕಿಂತ ಕಡಿಮೆ ದರವನ್ನು ಯಾವ ರಾಜ್ಯವೂ ಇಡುವಂತಿಲ್ಲ ಎಂಬುದು ಅದರ ಮುಖ್ಯ ಅಂಶ. ಇನ್ನು 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿದ್ದ ವಸತಿ, ಆಸ್ಪತ್ರೆ, ಶಿಶುಪಾಲನಾ ಕೇಂದ್ರಗಳ ಹೊಣೆ ಐದು ಹೆಕ್ಟೇರ್ ಮತ್ತು 15 ಮಂದಿ ಕಾರ್ಮಿಕರ ಮೇಲ್ಪಟ್ಟ ತೋಟಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಆದ್ದರಿಂದ ನಮ್ಮಲ್ಲಿ ಅನೇಕ ಸಣ್ಣ ಬೆಳೆಗಾರರು ಕನಿಷ್ಠ ಕೂಲಿಯೂ ತಮಗೆ ಸಂಬಂಧಿಸಿದ್ದಲ್ಲ ಎಂದು ತಿಳಿದುಕೊಂಡಿದ್ದಾರೆ. ಅದು ತಪ್ಪು ತಿಳಿವಳಿಕೆ. ಎರಡು ಎಕರೆಯ ತೋಟಕ್ಕೂ ಇನ್ನೂರು ಎಕರೆಯ ಎಸ್ಟೇಟಿಗೂ ಕನಿಷ್ಠ ಕೂಲಿ ಒಂದೇ.

ಈ ಕನಿಷ್ಠ ಎಂಬುದನ್ನು ಲೆಕ್ಕ ಹಾಕುವ ಕ್ರಮವೂ ಹೊಸದಲ್ಲ. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ದುಡಿಯುವ ಒಬ್ಬರ ಮೇಲೆ ಮೂವರ ಹೊಟ್ಟೆ ನಿಂತಿದೆ ಎಂದು ಹಿಡಿದು, ತಲಾ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಸೌದೆ, ದೀಪ ಇಷ್ಟನ್ನು ಲೆಕ್ಕಕ್ಕೆ ತಂದಿತು. 1991ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಓದು, ಔಷಧೋಪಚಾರ, ಹಬ್ಬ, ಮದುವೆ, ಮುಪ್ಪಿನ ಕಾಲಕ್ಕೆಂದು ಇನ್ನೂ ಶೇ 25ನ್ನು ಸೇರಿಸಬೇಕೆಂದಿತು. ಕೇಂದ್ರವೇ ನೇಮಿಸಿದ ತಜ್ಞರ ಸಮಿತಿ 2019ರಲ್ಲಿ, 2018ರ ಬೆಲೆಗಳ ಆಧಾರದಲ್ಲಿ, ದಿನಕ್ಕೆ 375 ರೂಪಾಯಿ ಆಗಬೇಕೆಂದು ಹೇಳಿತು. ಉದ್ಯೋಗ ಖಾತರಿಯಲ್ಲಿ ಕರ್ನಾಟಕಕ್ಕೆ 2025–26ರಲ್ಲಿ ನಿಗದಿಯಾದ ಕೂಲಿ 370. ಏಳು ವರ್ಷದ ಹಿಂದಿನ ಬೆಲೆಗೆ ಕಟ್ಟಿದ ಲೆಕ್ಕವನ್ನೂ ಅದು ಮುಟ್ಟಲಿಲ್ಲ. 370ರಂತೆ ತಿಂಗಳಿಗೆ 26 ದಿನ ತಪ್ಪದೆ ದುಡಿದರೂ ಸಿಗುವುದು 9,620 ರೂಪಾಯಿ. ಜೂನ್, ಜುಲೈ, ಆಗಸ್ಟ್‌ಗಳ ಕೊಡಗಿನ ಮಳೆಯಲ್ಲಿ 26 ದಿನದ ಕೆಲಸ ಯಾರಿಗೂ ಸಿಗುವುದಿಲ್ಲ ಎಂಬುದನ್ನು ಇಲ್ಲಿನವರಿಗೆ ಹೇಳಬೇಕಾಗಿಲ್ಲ.

ಈಗ ತೋಟದ ಒಳಗಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಘೋಷಿತ ದರ ಸೋರಿಹೋಗುವುದು ಅಲ್ಲಿ. ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು), ಕಳೆ ಕೊಚ್ಚುವುದು, ಗೊಬ್ಬರ ಹಾಕುವುದು ಇವೆಲ್ಲ ದಿನದ ಹಾಜರಿಯ ಕೆಲಸಗಳು. ಕೊಯ್ಲು ಮಾತ್ರ ಹೆಚ್ಚಿನ ಕಡೆ ಕೆ.ಜಿ. ಲೆಕ್ಕ. ರೊಬಸ್ಟಾ ತಳಿಯ ಕಾಫಿ ಗಿಡ ತುಂಬಿ ಹಣ್ಣಾಗಿರುವ ಜನವರಿಯಲ್ಲಿ ಕೈಚಳಕ ಇರುವವರು ಒಳ್ಳೆಯ ದುಡಿಮೆ ಮಾಡುತ್ತಾರೆ. ಕೆ.ಜಿ.ಗೆ 5 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ 100 ಕೆ.ಜಿ. ಕೊಯ್ದ ದಿನ 500 ರೂಪಾಯಿ. ಕೊಯ್ಲಿನ ಕೊನೆಯಲ್ಲಿ, ಗಿಡದಲ್ಲಿ ಅಲ್ಲೊಂದು ಇಲ್ಲೊಂದು ಉಳಿದದ್ದನ್ನು ಬಿಡಿಸಿ ನೆಲಕ್ಕೆ ಬಿದ್ದದ್ದನ್ನು ಹೆಕ್ಕುವ ದಿನಗಳಲ್ಲಿ, ಅದೇ ಹೆಂಗಸು ಅಷ್ಟೇ ಹೊತ್ತು ಬಗ್ಗಿ ದುಡಿದರೂ 45 ಕೆ.ಜಿ. ಆಗುವುದು ಕಷ್ಟ. ಆ ದಿನದ ದುಡಿಮೆ 225 ರೂಪಾಯಿಗೆ ಇಳಿಯುತ್ತದೆ. ತೂಕದ ಲೆಕ್ಕದಲ್ಲಿ ಕೆಲಸ ಕೊಟ್ಟರೂ ದಿನದ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವಂತಿಲ್ಲ ಎಂದು ಕಾನೂನಿನಲ್ಲಿ ಸ್ಪಷ್ಟವಾಗಿದೆ. 1948ರ ಕಾಯ್ದೆಯಲ್ಲೂ ಇತ್ತು, ಹೊಸ ಸಂಹಿತೆಯಲ್ಲೂ ಇದೆ. ಇದನ್ನು ತಿಳಿದಿರುವ ಮೇಸ್ತ್ರಿಯನ್ನಾಗಲಿ ತೋಟದ ಲೆಕ್ಕ ಬರೆಯುವ ರೈಟರನ್ನಾಗಲಿ ನಾನು ಕಂಡದ್ದು ಬಹಳ ಕಡಿಮೆ.

ಸಂಜೆ ತೂಕ ಹಾಕುವ ಹೊತ್ತನ್ನು ಹತ್ತಿರ ನಿಂತು ನೋಡಿದವರಿಗೆ ಇನ್ನೊಂದು ಸಂಗತಿಯೂ ಗೊತ್ತಿರುತ್ತದೆ. ಮರದ ಕೊಂಬೆಗೆ ತೂಗುಹಾಕಿದ ತಕ್ಕಡಿಯ ಕೊಕ್ಕೆಗೆ ಚೀಲ ಏರಿಸುತ್ತಾರೆ. ಚೀಲದ ತೂಕ, ಎಲೆ, ಕಡ್ಡಿ, ಹಸಿಕಾಯಿ ಎಂದು ಒಂದೆರಡು ಕೆ.ಜಿ. ಕಳೆದು ಒಂದು ಸಂಖ್ಯೆಯನ್ನು ಕೂಗುತ್ತಾರೆ. ಅದು ಪುಸ್ತಕದಲ್ಲಿ ಬರೆಯಲ್ಪಡುತ್ತದೆ. ಚೀಲ ಹೊತ್ತು ತಂದ, ಇಲ್ಲಿನ ಆದಿವಾಸಿಗಳಾದ ಎರವರ ಹೆಂಗಸಿಗೆ ಆ ಪುಸ್ತಕ ಓದಲು ಬರುವುದಿಲ್ಲ, ಅವಳ ಕೈಗೆ ಒಂದು ಚೀಟಿಯೂ ಸಿಗುವುದಿಲ್ಲ. ಶನಿವಾರದ ಬಟವಾಡೆಯಲ್ಲಿ ಹಿಂದಿನ ಮುಂಗಡ ಕಳೆದು ಉಳಿದದ್ದನ್ನು ಕೊಟ್ಟಾಗ ಅದು ಸರಿಯೋ ತಪ್ಪೋ ಎಂದು ಕೇಳಲು ಅವಳ ಬಳಿ ಆಧಾರವೇ ಇಲ್ಲ. ಪ್ರಾಮಾಣಿಕವಾಗಿ ತೂಗುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಒಬ್ಬರ ಹಕ್ಕು ಇನ್ನೊಬ್ಬರ ಪ್ರಾಮಾಣಿಕತೆಯನ್ನೇ ನಂಬಿಕೊಂಡಿರಬಾರದು. ಕೂಲಿ ಕಡಿಮೆ ಕೊಟ್ಟರೆ ದೂರು ಕೊಟ್ಟು, ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ಕೇಳುವ ಅವಕಾಶ ಕಾನೂನಿನಲ್ಲಿದೆ. ಲೈನ್ ಮನೆಯಲ್ಲಿ ವಾಸಿಸುತ್ತ, ಆ ಮನೆಯ ಬೀಗದ ಮೇಲೂ ಹಕ್ಕಿಲ್ಲದ ಕುಟುಂಬ ಮಾಲೀಕರ ವಿರುದ್ಧ ದೂರು ಕೊಡುವುದುಂಟೇ? ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ.

ಗಂಡಾಳು, ಹೆಣ್ಣಾಳು ಎಂದು ಎರಡು ದರ ಹೇಳುವ ಪದ್ಧತಿ ಇಂದಿಗೂ ನಡೆಯುತ್ತಿದೆ. 1976ರಿಂದಲೂ ಅದು ಕಾನೂನುಬಾಹಿರ. ಇದಕ್ಕಿಂತ ಹೆಚ್ಚು ಬರೆಯಬೇಕಾಗಿಲ್ಲ.

ರಾಜಕೀಯ ಪಕ್ಷಗಳು ಮೌನವಾಗಿರುವುದಕ್ಕೆ ಕಾರಣ ಮತದ ಲೆಕ್ಕವೇ ಎಂದು ನನ್ನ ಅಭಿಪ್ರಾಯ. ಮಡಿಕೇರಿ ಮತ್ತು ವಿರಾಜಪೇಟೆ, ಇಷ್ಟೇ ನಮ್ಮ ಎರಡು ವಿಧಾನಸಭಾ ಕ್ಷೇತ್ರಗಳು. ಅಸ್ಸಾಮಿನಿಂದ ಬಂದವರ ಮತ ಹೆಚ್ಚಾಗಿ ಅಲ್ಲಿಯೇ ಇದೆ. ಪಿರಿಯಾಪಟ್ಟಣ, ಹುಣಸೂರು ಕಡೆಯಿಂದ ಪಿಕಪ್ ವಾಹನಗಳಲ್ಲಿ ಬಂದು ಸಂಜೆ ಮರಳುವವರ ಮತ ಅವರವರ ಊರಿನಲ್ಲಿದೆ. ಇಲ್ಲಿಯವರೇ ಆದ ಆದಿವಾಸಿ ಎರವರು, ಆದಿವಾಸಿ ಕುರುಬರು ತೋಟದಿಂದ ತೋಟಕ್ಕೆ ಹೋಗುತ್ತಿರಬೇಕಾದ್ದರಿಂದ ವಿಳಾಸದ ದಾಖಲೆಯೇ ದೊಡ್ಡ ತೊಡಕು. ಲೈನ್ ಮನೆಗಳ ಬದುಕು ಬೇಡ ಎಂದು ಹೊರಬಂದು ದಿಡ್ಡಳ್ಳಿಯಲ್ಲಿ ಗುಡಿಸಲು ಕಟ್ಟಿಕೊಂಡ ಕುಟುಂಬಗಳನ್ನು 2016ರ ಡಿಸೆಂಬರ್‌ನಲ್ಲಿ ತೆರವುಗೊಳಿಸಿದಾಗ ರಾಜ್ಯವೆಲ್ಲ ಕೊಡಗಿನತ್ತ ನೋಡಿತು. ಆಗ ಚರ್ಚೆಯಾದದ್ದು ನಿವೇಶನ ಮತ್ತು ಅರಣ್ಯ ಭೂಮಿ. ಸ್ವಂತ ಸೂರು ಇಲ್ಲದವರಿಗೆ ಕೂಲಿಯ ಬಗ್ಗೆ ಚೌಕಾಸಿ ಮಾಡುವ ಶಕ್ತಿಯೂ ಇರುವುದಿಲ್ಲ ಎಂಬ ಸಂಬಂಧವನ್ನು ಯಾರೂ ಮುಂದಕ್ಕೆ ಒಯ್ಯಲಿಲ್ಲ.

ನನ್ನಂಥ ಬೆಳೆಗಾರರ ಆಕ್ಷೇಪವನ್ನು ಬದಿಗೆ ತಳ್ಳಿ ಈ ಮಾತನ್ನು ಮುಗಿಸಲಾಗದು. ನಮ್ಮ ತೋಟದ ಪಕ್ಕದ ಹಿರಿಯರೊಬ್ಬರು ಕಳೆದ ಕೊಯ್ಲಿನ ಸಮಯದಲ್ಲಿ, “ಬೆಲೆ ಇದ್ದ ವರ್ಷ ಯಾರು ಬೇಕಾದರೂ ಕೊಡುತ್ತಾರೆ ತಮ್ಮ, ಬೆಲೆ ಬಿದ್ದ ವರ್ಷ ಎಲ್ಲಿಂದ ತಂದು ಕೊಡುವುದು?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ತೋಟದ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೂಲಿಗೇ ಹೋಗುತ್ತದೆ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಕುಸಿದದ್ದು, ಅನಂತರ ವಿಯೆಟ್ನಾಂ ಬೆಳೆ ಮಾರುಕಟ್ಟೆಗೆ ಹರಿದುಬಂದದ್ದು, 2000ದ ದಶಕದ ಮೊದಲ ವರ್ಷಗಳಲ್ಲಿ ಕೊಯ್ಲಿನ ಖರ್ಚೂ ಹುಟ್ಟದೆ ಸಾಲದಲ್ಲಿ ಮುಳುಗಿದ್ದು, ಇವೆಲ್ಲ ಆ ಹಿರಿಯರು ಕಣ್ಣಾರೆ ಕಂಡ ಕಷ್ಟಗಳು. 2024–25ರಲ್ಲಿ ಬ್ರೆಜಿಲ್, ವಿಯೆಟ್ನಾಂಗಳ ಬರದಿಂದಾಗಿ ಹಿಂದೆಂದೂ ಇಲ್ಲದ ಬೆಲೆ ಬಂತು. ಅದು ಹೀಗೆಯೇ ಉಳಿಯುತ್ತದೆ ಎಂದು ಯಾವ ಬೆಳೆಗಾರನೂ ನಂಬುವುದಿಲ್ಲ.

ಆದರೆ ಬೆಲೆ ಬಿದ್ದ ವರ್ಷದ ನಷ್ಟವನ್ನು ತಡೆದುಕೊಳ್ಳುವ ಶಕ್ತಿ ಯಾರಿಗಿದೆ ಎಂದೂ ಕೇಳಿಕೊಳ್ಳಬೇಕು. ಬೆಳೆಗಾರನಿಗೆ ಜಮೀನಿದೆ, ಬ್ಯಾಂಕಿನಲ್ಲಿ ಬೆಳೆಸಾಲವಿದೆ, ಕರಿಮೆಣಸಿದೆ, ಕೆಲವರಿಗೆ ಹೋಮ್‌ಸ್ಟೇಯೂ ಇದೆ. ಸರ್ಕಾರದ ಬಾಗಿಲು ತಟ್ಟಲು ಸಂಘಗಳಿವೆ. ವಿದ್ಯುತ್ ವಿಷಯದಲ್ಲೂ ಒತ್ತುವರಿ ಗುತ್ತಿಗೆಯ ವಿಷಯದಲ್ಲೂ ತಟ್ಟಿದ ಬಾಗಿಲು ತೆರೆದಿದೆ. ದಿನಗೂಲಿಯವರಿಗೆ ಇವು ಯಾವುದೂ ಇಲ್ಲ. ಬೆಲೆ ಏರಿದ ವರ್ಷ ಅದಕ್ಕೆ ತಕ್ಕಂತೆ ಕೂಲಿ ಏರಿಸದ ನಾವು ಬೆಲೆ ಇಳಿದ ವರ್ಷದ ಭಾರವನ್ನು ಮಾತ್ರ ಹಂಚಿಕೊಳ್ಳಿ ಎನ್ನುವುದು ಯಾವ ನ್ಯಾಯ? ಸಣ್ಣ ಬೆಳೆಗಾರರಿಗೆ ಬೆಲೆ ಕುಸಿದ ವರ್ಷಗಳಲ್ಲಿ ಸಾಲದ ಬಡ್ಡಿಗೆ ನೆರವು ಬೇಕೆಂದು ನಾನೂ ಒತ್ತಾಯಿಸುತ್ತೇನೆ. ಆ ನೆರವು ಸರ್ಕಾರದಿಂದ ಬರಬೇಕು, ಹೆಂಗಸರ ಕೂಲಿಯಿಂದಲ್ಲ.

ಗ್ಯಾರಂಟಿ ಯೋಜನೆಗಳು ಬಂದ ಮೇಲೆ ಆಳುಗಳು ಸಿಗುತ್ತಿಲ್ಲ ಎಂಬ ಮಾತು ನಮ್ಮ ಸಭೆಗಳಲ್ಲಿ ಪದೇ ಪದೇ ಬರುತ್ತದೆ. ನನಗೆ ಕಾಣುವುದು ಬೇರೆ. 2023ರಿಂದ ಸರ್ಕಾರಿ ಬಸ್ಸಿನಲ್ಲಿ ಹಣ ಕೊಡದೆ ಓಡಾಡುವ ಹೆಂಗಸರು ಕೂಲಿ ಹೆಚ್ಚಿರುವ ಕಡೆಗೆ ಹೋಗಬಲ್ಲವರಾದರು. ಕುಟ್ಟ, ಮಾಕುಟ್ಟ ದಾಟಿದರೆ ಕೇರಳ. ದೇಶದಲ್ಲೇ ಹೆಚ್ಚಿನ ಗ್ರಾಮೀಣ ಕೂಲಿ ಇರುವ ರಾಜ್ಯ. ಕೂಲಿ ಸರಿಯಾಗಿದ್ದರೆ ಆಳುಗಳು ಉಳಿಯುತ್ತಾರೆ ಎಂಬುದನ್ನು ಮೆಣಸು ಕೊಯ್ಯುವ ಅನುಭವಸ್ಥರನ್ನು ಉಳಿಸಿಕೊಳ್ಳಲು ನಾವು ಪ್ರತಿ ವರ್ಷ ಕೊಡುವ ಹೆಚ್ಚಿನ ದರವೇ ತೋರಿಸುತ್ತದೆ. ಏಣಿ ಹತ್ತುವವರಿಗೆ ಕೊಡಬಲ್ಲ ನಾವು ಗಿಡದ ಬುಡದಲ್ಲಿ ಬಗ್ಗಿ ಹೆಕ್ಕುವವರಿಗೂ ಕೊಡಬಲ್ಲೆವು.

ಹಾಗಾದರೆ ಅಭ್ಯರ್ಥಿಗಳಿಂದ ಯಾವ ಮಾತನ್ನು ಪಡೆಯಬೇಕು? ದರ ಪರಿಷ್ಕರಣೆ ಐದು ವರ್ಷದ ಗಡುವನ್ನು ಮೀರದಂತೆ ಸದನದಲ್ಲಿ ಪಟ್ಟು ಹಿಡಿಯುತ್ತೇನೆ ಎನ್ನಬೇಕು. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಹಲವು ಉದ್ಯೋಗಗಳಿಗೆ ಒಟ್ಟಿಗೆ ಕನಿಷ್ಠ ವೇತನದ ಕರಡು ಪ್ರಕಟಿಸಿದಾಗ ಕಾರ್ಮಿಕ ಸಂಘಗಳೂ ಉದ್ಯಮಿಗಳೂ ಬೆಂಗಳೂರಿನಲ್ಲಿ ವಾದಿಸಿದರು. ನಮ್ಮ ಜಿಲ್ಲೆಯಿಂದ ಹೋಗಬೇಕಾದ ದನಿ ಅಲ್ಲಿ ಕೇಳಿಸಲಿಲ್ಲ. ಪ್ರತಿ ಏಪ್ರಿಲ್ 1ರಂದು ಬದಲಾಗುವ ತುಟ್ಟಿಭತ್ಯೆ ಸೇರಿಸಿ ಆ ವರ್ಷದ ಪೂರ್ತಿ ದಿನಗೂಲಿ ಎಷ್ಟು ಎಂಬುದನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ, ಅಸ್ಸಾಮಿನವರು ಹೆಚ್ಚಿರುವ ಕಡೆ ಅವರ ಭಾಷೆಯಲ್ಲಿ ಬರೆಸಬೇಕು. ಕೊಯ್ಲಿನ ತೂಕಕ್ಕೆ ದಿನದಿನದ ಚೀಟಿ ಕೊಡುವುದು ಕಡ್ಡಾಯವಾಗಬೇಕು. ನವೆಂಬರ್‌ನಿಂದ ಮಾರ್ಚ್‌ವರೆಗಿನ ಕೊಯ್ಲಿನ ತಿಂಗಳುಗಳಲ್ಲಾದರೂ ಕಾರ್ಮಿಕ ಇಲಾಖೆಯ ನಿರೀಕ್ಷಕರು ತೋಟಗಳ ಹಾಜರಿ ಪುಸ್ತಕ ನೋಡುವಷ್ಟು ಸಂಖ್ಯೆಯಲ್ಲಿ ಇಲ್ಲಿರಬೇಕು. ಲೈನ್ ಮನೆಗಳಲ್ಲಿರುವವರಿಗೆ ಸರ್ಕಾರಿ ಜಾಗದಲ್ಲಿ ಸ್ವಂತ ಸೂರು ಸಿಗುವ ಕೆಲಸ ಇವೆಲ್ಲಕ್ಕೂ ಮೊದಲು ಆಗಬೇಕಾದದ್ದು, ಏಕೆಂದರೆ ಮನೆ ಬಿಡಿಸುವ ಭಯ ಇರುವವರೆಗೆ ಉಳಿದ ಯಾವ ಕ್ರಮವೂ ಫಲ ಕೊಡುವುದಿಲ್ಲ.

ನಮ್ಮ ಬೆಳೆಗಾರರ ಸಂಘದ ಸಭೆಗಳಿಗೆ ಎಲ್ಲ ಪಕ್ಷದವರೂ ಬರುತ್ತಾರೆ, ನಾವು ಕೊಡುವ ಮನವಿಪತ್ರ ತೆಗೆದುಕೊಳ್ಳುತ್ತಾರೆ. ಈ ಬಾರಿ ಆ ಮನವಿಯಲ್ಲಿ ಕೆ.ಜಿ. ಲೆಕ್ಕಕ್ಕೂ ಕನಿಷ್ಠ ದಿನಗೂಲಿಯ ಮಿತಿ ಮತ್ತು ತೂಕದ ಚೀಟಿ, ಈ ಎರಡು ಅಂಶಗಳನ್ನು ನಾವೇ ಬೆಳೆಗಾರರು ಸೇರಿಸಬೇಕೆಂದು ಮುಂದಿನ ಸಭೆಯಲ್ಲಿ ಪ್ರಸ್ತಾಪ ಇಡಲಿದ್ದೇನೆ. ಒಪ್ಪುವವರೂ ಒಪ್ಪದವರೂ ದಯವಿಟ್ಟು ಆ ಸಭೆಗೆ ಬನ್ನಿ; ಕೂಲಿ ಕೊಡುವ ನಾವು ಮತ್ತು ಪಡೆಯುವ ಅವರು ಒಂದೇ ಕೋಣೆಯಲ್ಲಿ ಕುಳಿತು ಮಾತಾಡುವಂತಾಗಲು ಅವರಲ್ಲಿ ಕೆಲವರನ್ನೂ ಕರೆಯುತ್ತಿದ್ದೇನೆ.